ಮಗಳಿಗೊಂದು ಪತ್ರ: ಅಜ್ಜಿಗೆ ಸ್ನಾನ ಮಾಡಿಸೋ ಹೊತ್ತು

ಪುಟ್ಟೀ,

ಮೊನ್ನೆ ಫೋನಲ್ಲಿ "ಅಪ್ಪ, ಬೆಳಗ್ಗೆಯಿಂದ ರಾತ್ರಿ ತನಕ ಲ್ಯಾಪ್‌ಟಾಪ್ ಮುಂದೆ ಕೂತಿರ್ತೀನಿ, ನನ್ನಿಂದ ಯಾರಿಗೆ ಏನ್ ಉಪಯೋಗ" ಅಂದ್ಯಲ್ಲ, ಆಗ ನಂಗೆ ಏನ್ ಹೇಳ್ಬೇಕೋ ತೋಚ್ಲಿಲ್ಲ, ಊಟ ಆಯ್ತಾ ಅಂತ ಕೇಳಿ ಇಟ್ಬಿಟ್ಟೆ. ಆದ್ರೆ ಆ ಮಾತು ಎರಡು ದಿನದಿಂದ ತಲೇಲಿ ಕೊರೀತಾನೇ ಇದೆ. ಈಗ ಅಜ್ಜಿ ಮಲಗಿದಾರೆ, ಮನೆ ನಿಶ್ಶಬ್ದವಾಗಿದೆ, ಅದಕ್ಕೇ ಟೈಪ್ ಮಾಡ್ತಾ ಕೂತಿದೀನಿ.

ನಿಂಗೆ ಒಂದು ವಿಷಯ ಹೇಳಿರ್ಲಿಲ್ಲ. ಹೋದ ವರ್ಷ ಅಜ್ಜಿ ಹಾಸಿಗೆ ಹಿಡಿದ ಹೊಸದ್ರಲ್ಲಿ, ಒಂದು ರಾತ್ರಿ ಮೂರನೇ ಸಲ ಬೆಡ್‌ಶೀಟ್ ಬದಲಾಯಿಸೋವಾಗ ನಾನು ರೇಗಿಬಿಟ್ಟೆ, "ಒಂದ್ ಮಾತು ಕರೀಬಾರ್ದಾ ಅಮ್ಮ" ಅಂತ ಕಿರುಚಿದೆ. ಅವರು ಏನೂ ಅನ್ಲಿಲ್ಲ, ಸೆರಗು ಎಳ್ಕೊಂಡು ಗೋಡೆ ಕಡೆ ತಿರುಗಿದ್ರು, ಅಷ್ಟೇ. ಆ ಬೆನ್ನು ನೋಡಿ ನಂಗೆ ಬೆಳಗಿನ ತನಕ ನಿದ್ದೆ ಬರ್ಲಿಲ್ಲ ಕಣೇ.

ಆ ಭಾನುವಾರ ಗಾಂಧಿನಗರದ ಮಹಾಬೋಧಿ ಬೌದ್ಧ ವಿಹಾರಕ್ಕೆ ಹೋದೆ. 1956ರಲ್ಲಿ ಬೌದ್ಧ ಭಿಕ್ಷು ಆಚಾರ್ಯ ಬುದ್ಧರಕ್ಖಿತ ಭಂತೇಜಿ ಶುರು ಮಾಡಿದ ಜಾಗ ಅದು, ಮೆಜೆಸ್ಟಿಕ್ ಗದ್ದಲದ ಪಕ್ಕದಲ್ಲೇ ಇದ್ರೂ ಒಳಗೆ ಹೋದ್ರೆ ಮನಸ್ಸು ತಾನಾಗೇ ಇಳಿಯುತ್ತೆ. ಅಲ್ಲಿ ಒಬ್ರು ಭಂತೆ ಹತ್ರ ನಡೆದಿದ್ದನ್ನ ಹೇಳ್ಕೊಂಡೆ. ಅವರು ಬುದ್ಧಿ ಹೇಳೋಕೆ ಹೋಗ್ಲಿಲ್ಲ, ಭಿಕ್ಷುಗಳ ನಿಯಮಗಳ ಗ್ರಂಥ ವಿನಯಪಿಟಕದಲ್ಲಿರೋ ಒಂದು ಕಥೆ ಹೇಳಿದ್ರು.

ಒಬ್ಬ ಭಿಕ್ಷುಗೆ ಭೇದಿ ಹಿಡಿದು ತನ್ನ ಮಲಮೂತ್ರದಲ್ಲೇ ಬಿದ್ಕೊಂಡಿರ್ತಾನೆ. ಬುದ್ಧ ಮತ್ತು ಅವರ ಶಿಷ್ಯ ಆನಂದ ವಿಹಾರದಲ್ಲಿ ಕೋಣೆ ಕೋಣೆ ನೋಡ್ತಾ ಬರೋವಾಗ ಅವನನ್ನ ನೋಡ್ತಾರೆ. ನಿನ್ನನ್ನ ನೋಡ್ಕೊಳ್ಳೋರು ಯಾರೂ ಇಲ್ವಾ ಅಂತ ಬುದ್ಧ ಕೇಳಿದ್ರೆ ಅವನು ಏನಂದ ಗೊತ್ತಾ, ನನ್ನಿಂದ ಬೇರೆ ಭಿಕ್ಷುಗಳಿಗೆ ಏನೂ ಉಪಯೋಗ ಇಲ್ಲ, ಅದಕ್ಕೇ ಯಾರೂ ನೋಡಲ್ಲ ಅಂದ. ಮೊನ್ನೆ ನೀನು ಅದೇ ಮಾತು ಆಡಿದಾಗ ನಂಗೆ ಎದೆ ಝಲ್ ಅಂದಿದ್ದು ಇದಕ್ಕೇ. ಬುದ್ಧ ಅವನ ಉಪಯೋಗದ ಲೆಕ್ಕಕ್ಕೆ ಹೋಗ್ಲೇ ಇಲ್ಲ, ಆನಂದ, ನೀರು ತಗೊಂಡ್ ಬಾ ಅಂದ್ರು. ಬುದ್ಧ ನೀರು ಹಾಕಿದ್ರು, ಆನಂದ ಮೈ ತೊಳೆದ, ಆಮೇಲೆ ಬುದ್ಧ ತಲೆ ಕಡೆ ಹಿಡ್ಕೊಂಡು ಆನಂದ ಕಾಲ್ಕಡೆ ಹಿಡ್ಕೊಂಡು ಎತ್ತಿ ಮಂಚದ ಮೇಲೆ ಮಲಗಿಸಿದ್ರು. ಇಲ್ಲಿ ನಿಮಗೆ ಅಪ್ಪ ಅಮ್ಮ ಯಾರೂ ಇಲ್ಲ, ಒಬ್ಬರಿಗೊಬ್ಬರು ನೋಡ್ಕೊಳ್ದಿದ್ರೆ ಇನ್ಯಾರು ನೋಡ್ತಾರೆ, ನನ್ನ ಸೇವೆ ಮಾಡ್ಬೇಕು ಅನ್ನೋರು ಕಾಯಿಲೆಯವರ ಸೇವೆ ಮಾಡಿ ಅಂತ ಉಳಿದವರಿಗೆ ಹೇಳಿದ್ರಂತೆ.

ಅದೇ ಜಾಗದಲ್ಲಿ ಆರೈಕೆ ಮಾಡೋರು ಹೇಗಿರ್ಬೇಕು ಅಂತಾನೂ ಬರುತ್ತೆ, ಮಲ ಮೂತ್ರ ವಾಂತಿ ಎತ್ತೋಕೆ ಹೇಸಬಾರ್ದು, ಲಾಭಕ್ಕೆ ಮಾಡ್ದೆ ಮೈತ್ರಿಯಿಂದ, ಅಂದ್ರೆ ಒಳ್ಳೇದು ಬಯಸೋ ಮನಸ್ಸಿಂದ ಮಾಡ್ಬೇಕು. ಅಷ್ಟೇ ಅಲ್ಲ, ಔಷಧಿ ತಗೊಳ್ದೆ, ಇರೋ ನೋವನ್ನ ಇದ್ದ ಹಾಗೆ ಹೇಳ್ದೆ ಇರೋ ಕಾಯಿಲೆಯವರನ್ನ ನೋಡ್ಕೊಳ್ಳೋದು ಕಷ್ಟ ಅಂತ ಬುದ್ಧನೇ ಒಪ್ಕೊಂಡಿದಾರೆ. ಅದನ್ನ ಕೇಳಿ ನಂಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ, ಅಜ್ಜಿ ಮಾತ್ರೆ ದಿಂಬಿನ ಕೆಳಗೆ ಬಚ್ಚಿಟ್ಟಾಗೆಲ್ಲ ಈಗ ನೆನಪಾಗುತ್ತೆ.

ಅವತ್ತಿಂದ ದಿನಾ ಬೆಳಗ್ಗೆ ಇಪ್ಪತ್ತು ನಿಮಿಷ ಮೈತ್ರಿ ಧ್ಯಾನಕ್ಕೆ ಕೂತ್ಕೊತೀನಿ. ಮೊದ್ಲು ನಮಗೆ ನಾವೇ ಒಳ್ಳೇದು ಬಯಸ್ಬೇಕು, ಆಮೇಲೆ ಪ್ರೀತಿಯವರಿಗೆ, ಆಮೇಲೆ ಬೇಕೂ ಅಲ್ಲದ ಬೇಡವೂ ಅಲ್ಲದ ಯಾರಿಗಾದ್ರೂ, ಕೊನೆಗೆ ಆಗದವರಿಗೆ. ಆ ಮೂರನೇದಕ್ಕೆ ನಂಗೆ ನಮ್ಮ ಬೀದಿ ಗುಡಿಸೋ ಅಮ್ಮನ ಮುಖ ಬಂತು. ಹನ್ನೊಂದು ವರ್ಷದಿಂದ ನೋಡ್ತಿದೀನಿ, ಹೆಸರು ಗೊತ್ತಿಲ್ಲ! ಮಾರನೇ ದಿನಾನೇ ಗೇಟ್ ಹತ್ರ ನಿಂತು ಹೆಸರು ಕೇಳ್ದೆ. ಯಾಕ್ ಸಾರ್, ಕಸ ಏನಾದ್ರೂ ಬಿಟ್ಟಿದೀನಾ ಅಂದ್ರು ಪಾಪ, ಹೆದರ್ಕೊಂಡು. ಈಗ ದಿನಾ ಎರಡು ಮಾತಾಡ್ತೀವಿ.

ನೀನು ಕೆಲಸ ಬಿಡು, ಎಲ್ಲಾದ್ರೂ ಹತ್ತು ದಿನ ಧ್ಯಾನಕ್ಕೆ ಹೋಗು ಅಂತೆಲ್ಲ ನಾನು ಹೇಳಲ್ಲ, ಅದು ನಿನ್ನಿಷ್ಟ. ನಿಮ್ಮ ಟೀಮಿಗೆ ಹೊಸದಾಗಿ ಬಂದಿರೋ ಹುಡುಗ ಕ್ಯಾಂಟೀನಲ್ಲಿ ಒಬ್ನೇ ಊಟ ಮಾಡ್ತಾನೆ ಅಂತ ನೀನೇ ಹೇಳಿದ್ದೆ. ಅದನ್ನ ಗಮನಿಸಿದ್ಯಲ್ಲ ಮಗಳೇ, ನಾನು ಹೇಳ್ತಿರೋದು ಅದರ ಬಗ್ಗೆನೇ. ನಾಳೆ ಅವನ ಟೇಬಲ್ಲಿಗೆ ಹೋಗು.

ಇವತ್ತು ಬೆಳಗ್ಗೆ ಅಜ್ಜಿ ಬೆನ್ನು ಉಜ್ತಾ ಇದ್ದೆ, ಅವರು ಒದ್ದೆ ಕೈಯಲ್ಲೇ ನನ್ನ ಹಣೆ ಒರೆಸಿ "ಬೆವ್ತಿದೀಯ ನೋಡು" ಅಂದ್ರು. ಇವರನ್ನ ನಾನು ನೋಡ್ಕೊತಿದೀನೋ ಅಥವಾ ಇವರೇ ನನ್ನನ್ನೋ ಅಂತ ಒಂದು ಕ್ಷಣ ಗೊತ್ತಾಗ್ಲಿಲ್ಲ.

ಗೌರಿ ಹಬ್ಬಕ್ಕೆ ಬಂದಾಗ ಒಂದಿನ ನೀನೂ ಜೊತೆಗಿರು. ನಾನು ನೀರು ಹಾಕ್ತೀನಿ, ನೀನು ಮೈ ಉಜ್ಜು. ನೀರು ಜಾಸ್ತಿ ಬಿಸಿ ಇರಬಾರ್ದು, ಅಂಗೈಗೆ ಗೊತ್ತಾಗಲ್ಲ, ಮೊಣಕೈ ಇಟ್ಟು ನೋಡ್ಬೇಕು, ಬಂದಾಗ ತೋರಿಸ್ತೀನಿ.

ಇಂತಿ,
ಅಪ್ಪ