ಸಂಕೋಚವೇ ಇವರ ಬಂಡವಾಳ

ಮಾನ್ಯರೇ,

ಹಾಸನದ ವಿದ್ಯುತ್ ಕಂಬಗಳಲ್ಲಿ, ಮೂತ್ರಾಲಯಗಳ ಗೋಡೆಗಳಲ್ಲಿ ಶಿಶ್ನದ ಗಾತ್ರ ಹೆಚ್ಚಿಸುವ ಎಣ್ಣೆ, ಗುಳಿಗೆಗಳ ಚೀಟಿಗಳು ರಾರಾಜಿಸುತ್ತಿವೆ. ಯಾರಲ್ಲೂ ಹೇಳಿಕೊಳ್ಳಲಾಗದ ಸಂಕೋಚವನ್ನೇ ಬಂಡವಾಳ ಮಾಡಿಕೊಂಡ ಈ ಪ್ರಚಾರಕ್ಕೆ 1954ರ ಆಕ್ಷೇಪಾರ್ಹ ಜಾಹೀರಾತು ತಡೆ ಕಾಯ್ದೆಯಲ್ಲಿ ಅವಕಾಶವಿಲ್ಲ. 15,000ಕ್ಕೂ ಹೆಚ್ಚು ಪುರುಷರ ಅಳತೆಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಂತೆ, ಉದ್ರೇಕಗೊಂಡಾಗಿನ ಸರಾಸರಿ ಉದ್ದ ಸುಮಾರು 13 ಸೆಂಟಿಮೀಟರ್. ಅದಕ್ಕಿಂತ ತುಸು ಹೆಚ್ಚು ಕಡಿಮೆ ಇರುವುದೂ ಸಹಜವೇ. ಸಡಿಲವಾಗಿದ್ದಾಗಿನ ಗಾತ್ರವಂತೂ ಚಳಿಗೆ, ಗಾಬರಿಗೆ ಕುಗ್ಗುತ್ತದೆ. ಅದನ್ನು ಕಂಡು ಒಳಗೊಳಗೇ ಕೊರಗುವ ಹುಡುಗರಿಗೆ, ಮದುವೆಗೇ ಹಿಂಜರಿಯುವ ಯುವಕರಿಗೆ ಇಷ್ಟನ್ನು ತಿಳಿಸಿ ಹೇಳುವವರಿಲ್ಲದಿರುವುದು ನೋವಿನ ಸಂಗತಿ. ಸ್ಥಳೀಯ ಆಡಳಿತ ಈ ಚೀಟಿಗಳನ್ನು ಕಿತ್ತುಹಾಕಲಿ. ಅದೇ ಜಾಗದಲ್ಲಿ ಆರೋಗ್ಯ ಇಲಾಖೆಯು ಹದಿಹರೆಯದವರಿಗಾಗಿ ಇರುವ ಸ್ನೇಹಾ ಕ್ಲಿನಿಕ್‌ಗಳ ವಿಳಾಸ, ಸಮಯವನ್ನು ದಪ್ಪಕ್ಷರದಲ್ಲಿ ಬರೆಸಲಿ.

— ಓದುಗ, ಹಾಸನ