ಗೋಡೆಗೆ ಹಾಕಿದ ಕಥೆಯನ್ನು ಸ್ಪರ್ಧೆಗೆ ಕಳಿಸಬಹುದಾ?

ಪ್ರೀತಿಯ ಗೆಳೆಯಾ,

ಫೇಸ್‌ಬುಕ್ ಗೋಡೆಗೆ ಹಾಕಿದ ನಿನ್ನ ವಸತಿ ಬಸ್ಸಿನ ಕಥೆಯನ್ನು ಕಥಾಸ್ಪರ್ಧೆಗೆ ಕಳಿಸಬಹುದಾ ಅಂತ ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅವಸರದಲ್ಲಿ 'ಕಳಿಸಬೇಡ' ಅಂದುಬಿಟ್ಟೆ. ನಿನ್ನ ದನಿ ಅಲ್ಲೇ ಇಳಿದುಹೋಯಿತು. ಕಾರಣ ಹೇಳದೆ ಬೇಡ ಅಂದದ್ದು ನನ್ನ ತಪ್ಪು, ಅದಕ್ಕೇ ಈ ಪತ್ರ. ಇದೇ ಪ್ರಶ್ನೆಯನ್ನು ಇನ್ನೂ ನಾಲ್ಕಾರು ಜನ ಕೇಳಿದ್ದರು. ಹಾಗಾಗಿ ನಿನ್ನ ಒಪ್ಪಿಗೆ ಪಡೆದು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ.

ಮೊದಲು ನನಗಾದದ್ದು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನದೊಂದು ಕಥೆ ವಿಶೇಷಾಂಕವೊಂದಕ್ಕೆ ಆಯ್ಕೆಯಾಗಿತ್ತು. ಅಮ್ಮನಿಗೆ ಹೇಳಿಯೂ ಆಗಿತ್ತು. ಒಂದು ಮಧ್ಯಾಹ್ನ ಸಂಪಾದಕರ ಫೋನು. 'ಈ ಕಥೆ ನಿಮ್ಮ ಬ್ಲಾಗಿನಲ್ಲಿ ಇದೆಯಂತಲ್ಲ?' ಅಂದರು. ಇತ್ತು. ಬರೆದ ವಾರವೇ ಹಾಕಿದ್ದೆ, ಆಮೇಲೆ ಹಾಕಿದ್ದೇ ಮರೆತುಹೋಗಿತ್ತು. ಅವರು ಬೈಯಲಿಲ್ಲ. 'ಕಲಾವಿದರು ಚಿತ್ರ ಬರೆದುಕೊಟ್ಟಾಗಿದೆ' ಅಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಸಂಜೆ ಆ ಚಿತ್ರವನ್ನು ನನಗೆ ವಾಟ್ಸಾಪ್ ಮಾಡಿದರು. ಸಂತೆಯ ಮೂಲೆಯಲ್ಲಿ ಒದ್ದೆ ಗೋಣಿಚೀಲದ ಮೇಲೆ ವೀಳ್ಯದೆಲೆ ಎಣಿಸುತ್ತಾ ಕೂತ ಮುದುಕಿ. ನಾನು ಕಂಡಿದ್ದ ಮುದುಕಿಯೇ. ಆ ಚಿತ್ರ ಎಲ್ಲೂ ಅಚ್ಚಾಗಲಿಲ್ಲ. ಈಗಲೂ ನನ್ನ ಫೋನಿನಲ್ಲಿದೆ.

ಪತ್ರಿಕೆಗಳು, ಸ್ಪರ್ಧೆಗಳು ಸಾಮಾನ್ಯವಾಗಿ 'ಎಲ್ಲೂ ಪ್ರಕಟವಾಗಿರದ ಕಥೆ' ಕೇಳುತ್ತವಲ್ಲ, ಅವತ್ತಿನಿಂದ ಆ 'ಪ್ರಕಟಣೆ' ಅನ್ನುವ ಮಾತಿನ ಹಿಂದೆ ಬಿದ್ದೆ. ಕಾನೂನು ಒಂದು ಹೇಳುತ್ತದೆ, ಸಂಪಾದಕರು ಇನ್ನೊಂದು, ಪುಸ್ತಕ ಮಾಡುವವರು ಮತ್ತೊಂದು.

ಕಾನೂನಿನ ಮಾತು ನೇರವಾಗಿದೆ. 1957ರ ಕಾಪಿರೈಟ್ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಪ್ರತಿಗಳನ್ನು ಹೊರತಂದರೂ ಪ್ರಕಟಣೆ, ಬೇರೆ ರೀತಿಯಲ್ಲಿ ಜನಕ್ಕೆ ತಲುಪಿಸಿದರೂ ಪ್ರಕಟಣೆ. ಜನ ನಿಜವಾಗಿ ನೋಡಿದರೋ ಇಲ್ಲವೋ ಅದು ಲೆಕ್ಕಕ್ಕಿಲ್ಲ, ನೋಡಲು ಸಿಗುವಂತಿದ್ದರೆ ಸಾಕು. 'ಬರೀ ಹನ್ನೆರಡು ಲೈಕ್ ಬಂದಿದೆ ಕಣೋ' ಅಂದೆಯಲ್ಲ, ಆ ಮಾತು ಅಲ್ಲಿ ನಡೆಯುವುದಿಲ್ಲ.

ಆದರೆ ಹೆದರಬೇಡ. ಕಥೆ ನಿನ್ನ ಕೈತಪ್ಪಿ ಹೋಗಿಲ್ಲ. ಬರೆದ ಕ್ಷಣದಿಂದ ಅದರ ಹಕ್ಕು ನಿನ್ನದು. ಎಲ್ಲೂ ನೋಂದಣಿ ಮಾಡಿಸಬೇಕಾಗಿಲ್ಲ. ನಿನ್ನ ಕಾಲದಲ್ಲಿ ಪ್ರಕಟವಾದದ್ದಕ್ಕೆ ನಿನ್ನ ನಂತರವೂ 60 ವರ್ಷ ಆ ಹಕ್ಕು ಇರುತ್ತದೆ. ಫೇಸ್‌ಬುಕ್ಕಿನ ನಿಯಮವೂ ಬರಹ ನಿನ್ನದೇ ಅನ್ನುತ್ತದೆ, ತೋರಿಸಲು ಹಂಚಲು ಅನುಮತಿ ಮಾತ್ರ ಪಡೆಯುತ್ತದೆ. ನೀನು ಕಳೆದುಕೊಂಡಿರುವುದು ಒಂದೇ, 'ಮೊದಲ ಸಲ' ಅನ್ನುವುದನ್ನು.

ಸಂಪಾದಕರು ಬೆಲೆ ಕೊಡುವುದು ಆ ಮೊದಲ ಸಲಕ್ಕೇ. ದುಡ್ಡು ಕೊಟ್ಟು ವಿಶೇಷಾಂಕ ತಂದವರು ಎರಡು ಸಾಲು ಓದಿ 'ಇದನ್ನು ಆಗಲೇ ಓದಿದ್ದೀನಲ್ಲ' ಅಂದರೆ ಆ ಪುಟ ಹೋದ ಹಾಗೆ. ಸ್ಪರ್ಧೆಯಲ್ಲಿ ಇನ್ನೊಂದು ಸಂಗತಿ ಇದೆ, ನನಗೆ ಅದೇ ಜಾಸ್ತಿ ದೊಡ್ಡದು ಅನ್ನಿಸುತ್ತದೆ. 'ಕಥೆಯ ಹಾಳೆಯಲ್ಲಿ ಹೆಸರು ಬರೆಯಬೇಡಿ, ಹೆಸರು ವಿಳಾಸ ಬೇರೆ ಹಾಳೆಯಲ್ಲಿರಲಿ' ಅಂತ ಯಾಕೆ ಹೇಳುತ್ತಾರೆ? ತೀರ್ಪುಗಾರರಿಗೆ ಯಾರ ಕಥೆ ಅಂತ ಗೊತ್ತಾಗಬಾರದು. ನೀನು ಹೆಸರು ಸಮೇತ ಗೋಡೆಗೆ ಹಾಕಿದ ಮೇಲೆ, ತೀರ್ಪುಗಾರರೇ ಅದನ್ನು ಓದಿ ಲೈಕ್ ಒತ್ತಿರಬಹುದು. ಆಗ ಹೆಸರಿಲ್ಲದ ಹಾಳೆಗೆ ಅರ್ಥವೇನು ಉಳಿಯಿತು? ನಿನ್ನ ಜೊತೆ ನಿಂತ ಬೇರೆ ಕಥೆಗಾರರಿಗೆ ಅದು ಅನ್ಯಾಯ ಅಲ್ವಾ?

ಎಲ್ಲ ಕಡೆ ಒಂದೇ ಅಳತೆ ಇಲ್ಲ ಅನ್ನುವುದೂ ನಿಜ. ಅಮೆರಿಕದ ನ್ಯೂಯಾರ್ಕರ್ ಪತ್ರಿಕೆ ಸ್ವಂತ ಬ್ಲಾಗಿನಲ್ಲಿ ಬಂದದ್ದನ್ನೂ ತೆಗೆದುಕೊಳ್ಳುವುದಿಲ್ಲ. ಅಲ್ಲಿನದೇ ಕವಿತೆಗಳ ಪತ್ರಿಕೆ ರ‍್ಯಾಟಲ್, ಕವಿಗಳು ತಾವೇ ಬ್ಲಾಗಿಗೋ ಫೇಸ್‌ಬುಕ್ಕಿಗೋ ಹಾಕಿಕೊಂಡದ್ದನ್ನು ಪ್ರಕಟಣೆ ಅಂತ ಎಣಿಸುವುದಿಲ್ಲ. ಹಾಗಾಗಿ ನಿಯಮ ಓದದೆ ಯಾರ ಮಾತನ್ನೂ ನಂಬಬೇಡ, ನನ್ನದನ್ನೂ ಸೇರಿಸಿ.

ಪುಸ್ತಕದ ವಿಷಯಕ್ಕೆ ಬಂದರೆ ಈ ತಕರಾರು ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಸುಧಾ, ತರಂಗದಲ್ಲಿ ಧಾರಾವಾಹಿಯಾಗಿ ಬಂದ ಎಷ್ಟು ಕಾದಂಬರಿಗಳು ಆಮೇಲೆ ಪುಸ್ತಕವಾಗಿಲ್ಲ ಹೇಳು? ಕನ್ನಡದ ಯಾವುದಾದರೂ ಕಥಾಸಂಕಲನ ತೆಗೆದು ನೋಡು, ಶುರುವಿನಲ್ಲೇ 'ಈ ಕಥೆಗಳನ್ನು ಪ್ರಕಟಿಸಿದ ಪತ್ರಿಕೆಗಳಿಗೆ' ಅಂತ ಒಂದು ನಮಸ್ಕಾರ ಇದ್ದೇ ಇರುತ್ತದೆ. ನಿನ್ನ ವಸತಿ ಬಸ್ಸಿನ ಕಥೆಯ ಜಾಗ ಅದು. ಊರ ಕೊನೆಯಲ್ಲಿ ಬಸ್ಸು ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಟವೆಲ್ ಹಾಸಿಕೊಂಡು ಚಿಲ್ಲರೆ ಎಣಿಸುತ್ತಾ ನಿದ್ದೆ ಹೋಗುವ ಆ ಕಂಡಕ್ಟರನ್ನು ನಾನಂತೂ ಮರೆತಿಲ್ಲ. ಸಂಕಲನ ಮಾಡುವಾಗ ಅದೇ ಮೊದಲ ಕಥೆಯಾಗಲಿ.

'ಪೋಸ್ಟ್ ಡಿಲೀಟ್ ಮಾಡಿ ಕಳಿಸಿದರೆ?' ಅಂತಲೂ ಕೇಳಿದೆ. ದಯವಿಟ್ಟು ಬೇಡ. ಯಾರೋ ಓದಿದ್ದಾರೆ, ಯಾರೋ ಸ್ಕ್ರೀನ್‌ಶಾಟ್ ತೆಗೆದಿದ್ದಾರೆ. ಯಾವುದೋ ಗುಂಪಿನಲ್ಲಿ ನಿನ್ನ ಹೆಸರು ಉದುರಿಹೋಗಿ, ಕೆಳಗೆ 'ಕೃಪೆ: ವಾಟ್ಸಾಪ್' ಅಂತ ಸೇರಿಕೊಂಡು ಓಡಾಡುತ್ತಿದ್ದರೂ ಇರಬಹುದು. ನಾಳೆ ಬಹುಮಾನ ಬಂದ ಮೇಲೆ ಆ ಫಾರ್ವರ್ಡ್ ತೋರಿಸಿ 'ಕದ್ದದ್ದು' ಅಂದರೆ, ನಿನ್ನ ಕಥೆಯನ್ನು ನಿನ್ನದು ಅಂತ ನೀನೇ ಸಾಬೀತು ಮಾಡುತ್ತಾ ಕೂರಬೇಕು. ಶೀರ್ಷಿಕೆ, ಪಾತ್ರದ ಹೆಸರು ಬದಲಿಸುವುದೂ ಅಷ್ಟೇ. ಕಂಡಕ್ಟರನಿಗೆ ಬೇರೆ ಹೆಸರಿಟ್ಟರೆ ಬಸ್ಸು ಬೇರೆಯಾಗುತ್ತದಾ?

ಸ್ಪರ್ಧೆಗಲ್ಲದೆ ಮಾಮೂಲಿ ಸಂಚಿಕೆಗೆ ಕಳಿಸುವುದಾದರೆ ಮುಚ್ಚುಮರೆ ಬೇಡ. ಮೇಲ್‌ನಲ್ಲಿ ಒಂದೇ ಸಾಲು ಸಾಕು: 'ಈ ಕಥೆಯನ್ನು ಜೂನ್‌ನಲ್ಲಿ ನನ್ನ ಫೇಸ್‌ಬುಕ್ ಪುಟದಲ್ಲಿ ಹಂಚಿಕೊಂಡಿದ್ದೆ, ತಮಗೆ ಅಡ್ಡಿ ಇಲ್ಲದಿದ್ದರೆ ಪರಿಶೀಲಿಸಿ.' ಒಪ್ಪುವವರು ಒಪ್ಪುತ್ತಾರೆ. ನಾನು ಅವತ್ತು ಆ ಸಾಲು ಬರೆದಿದ್ದರೆ ಆ ಕಲಾವಿದರ ಕೆಲಸ ದಂಡವಾಗುತ್ತಿರಲಿಲ್ಲ.

ಯಾರಿಗೂ ತೋರಿಸಲೇಬೇಡ ಅಂತ ಹೇಳುತ್ತಿಲ್ಲ. ಬರೆದ ಮೇಲೆ ಯಾರಿಗಾದರೂ ಓದಿಸಬೇಕು ಅನ್ನುವ ಆಸೆ ನನಗೆ ಚೆನ್ನಾಗಿ ಗೊತ್ತು. ನಾಲ್ಕೈದು ಗೆಳೆಯರಿಗೆ ಮೇಲ್ ಮಾಡಿ ಅಭಿಪ್ರಾಯ ಕೇಳಿದರೆ ಅದನ್ನು ಯಾರೂ ಪ್ರಕಟಣೆ ಅನ್ನುವುದಿಲ್ಲ. ಕವಿಗೋಷ್ಠಿಯಲ್ಲಿ ಓದಿದ ಪದ್ಯವನ್ನು ಆಮೇಲೆ ಪತ್ರಿಕೆಗೆ ಕಳಿಸುವುದು ನಮ್ಮಲ್ಲಿ ಮೊದಲಿಂದ ಇದ್ದದ್ದೇ. ಆದರೆ ಈಗ ಗೋಷ್ಠಿಗಳೆಲ್ಲ ಯೂಟ್ಯೂಬ್‌ನಲ್ಲಿ ನೇರ ಬರುತ್ತವೆ, ಅಲ್ಲಿ ಓದುವ ಮುಂಚೆ ಒಂದು ಗಳಿಗೆ ಯೋಚಿಸು.

ಸ್ಪರ್ಧೆಗೆ ಆ ಹಿಟ್ಟಿನ ಗಿರಣಿ ಕಥೆ ಕಳಿಸು. ಬೆಲ್ಟು ಕಿತ್ತು ಗಿರಣಿ ನಿಂತು, ಸಾಲಿನಲ್ಲಿದ್ದ ಹೆಂಗಸರೆಲ್ಲ ಡಬ್ಬಿ ಅಲ್ಲೇ ಬಿಟ್ಟು ಹೋಗುವ ಜಾಗಕ್ಕೆ ನಿಲ್ಲಿಸಿದ್ದೀಯ. ಎರಡು ವಾರ ಕೂತರೆ ಮುಗಿಯುತ್ತದೆ. ಮುಗಿದ ರಾತ್ರಿ ಗೋಡೆಗೆ ಹಾಕಬೇಡ, ನನಗೊಬ್ಬನಿಗೆ ಕಳಿಸು. ಎಷ್ಟು ಹೊತ್ತಾದರೂ ಓದುತ್ತೇನೆ.

ಇಂತಿ,
ನಿನ್ನ ಗೆಳೆಯ