ಕುಕ್ಕಿ ಅಳೆದ ಸೇರು

ದಾವಣಗೆರೆ

ತಮ್ಮಾ,

ನಿನ್ನ ಹಸ್ತಪ್ರತಿ ಬಂದು ತಿಂಗಳಾಯಿತು. ಓದಿದೆ, ಬೈದುಕೊಂಡು ಎತ್ತಿಟ್ಟೆ, ಮತ್ತೆ ತೆಗೆದು ಓದಿದೆ. ಜೊತೆಗಿದ್ದ ಚೀಟಿಯಲ್ಲಿ "ಇದೇ ಕೊನೆ ಟೀಚರ್, ಇನ್ನು ಬರೆಯೋದಿಲ್ಲ" ಅಂದಿದ್ದೀಯ. ಬರೆಯೋದು ನಿಜವಾಗಿ ಬಿಡುವವರು ಚೀಟಿ ಬರೆದಿಟ್ಟು ಬಿಡೋದಿಲ್ಲಪ್ಪ, ಸುಮ್ಮನೆ ಬಿಡ್ತಾರೆ. ಅದಕ್ಕೇ ಈ ಕಾಗದ.

ಪ್ರಕಾಶಕರನ್ನು ಹೇಗೆ ಹಿಡಿಯಬೇಕು, ಅಧ್ಯಾಯಕ್ಕೆ ಎಷ್ಟು ಪುಟ ಇರಬೇಕು ಅನ್ನೋದನ್ನೆಲ್ಲ ಬೇರೆ ಯಾರನ್ನಾದರೂ ಕೇಳು. ನನಗೆ ಅದು ಯಾವತ್ತೂ ಗೊತ್ತಾಗಲಿಲ್ಲ.

ನಿಮ್ಮಜ್ಜಿಯ ಬದುಕನ್ನು ಎಂಟು ಅಧ್ಯಾಯ ಮಾಡಿದ್ದೀಯ. ಮನೋವಿಜ್ಞಾನಿ ಎರಿಕ್ ಎರಿಕ್ಸನ್ ಮನುಷ್ಯನ ಬದುಕಿಗೆ ಅಂತ 1950ರಲ್ಲಿ ಬರೆದಿಟ್ಟ ಎಂಟು ಹಂತಗಳು, ಒಂದೂ ಹೆಚ್ಚುಕಮ್ಮಿಯಿಲ್ಲ. ಮೊದಲನೆಯದರಲ್ಲಿ ಕೂಸು ನಂಬಿಕೆ ಕಲಿಯುತ್ತದೆ, ಎರಡನೆಯದರಲ್ಲಿ ಹಟ ಹಿಡಿಯುತ್ತದೆ. ಐದನೆಯದರಲ್ಲಿ ಹರೆಯ ಬಂದ ಕೂಡಲೇ ಹುಡುಗಿ 'ನಾನು ಯಾರು?' ಅಂತ ಕೇಳಿಕೊಳ್ಳುತ್ತಾಳೆ. ಹೊಳಲ್ಕೆರೆ ಕಡೆಯ ಹಳ್ಳಿ, ಹದಿನಾಲ್ಕಕ್ಕೆ ಮದುವೆ, ಹದಿನಾರಕ್ಕೆ ಬಾಣಂತನ. ಅವಳು ಹಾಗೆ ಕೇಳಿಕೊಂಡಿದ್ದನ್ನು ಅವಳ ಬಾಯಲ್ಲೇ ಕೇಳಿದೆಯಾ, ಇಲ್ಲಾ ಪಟ್ಟಿಯಲ್ಲಿತ್ತು ಅಂತ ಬರೆದೆಯಾ? ಸಾಲದ್ದಕ್ಕೆ ದುರ್ಗದಲ್ಲಿ ಹುಟ್ಟಿದ ತಪ್ಪಿಗೆ ಏಳು ಸುತ್ತಿನ ಕೋಟೆಯನ್ನೂ ಎಳೆದು ತಂದಿದ್ದೀಯ. ಸುತ್ತು ಏಳು, ಹಂತ ಎಂಟು. ಲೆಕ್ಕ ಸರಿಹೋಗಲಿ ಅಂತ ಚಂದ್ರವಳ್ಳಿ ಗುಹೆಯನ್ನು ಎಂಟನೆಯದಾಗಿ ಸೇರಿಸಿದ್ದು ನೋಡಿ ನಕ್ಕುಬಿಟ್ಟೆ. ಬೇಜಾರಾಗಬೇಡ.

ಮುನ್ನುಡಿಯ ನಾಲ್ಕು ಆಶ್ರಮಗಳನ್ನು ತೆಗೆದುಹಾಕು. ಬ್ರಹ್ಮಚರ್ಯದಿಂದ ಸನ್ಯಾಸದವರೆಗಿನ ಆ ಪಟ್ಟಿಯಲ್ಲಿ ನಿಮ್ಮಜ್ಜಿಗೆ ಜಾಗವೇ ಇರಲಿಲ್ಲ. ಅಮೆರಿಕದಲ್ಲೂ ಬೇರೇನಿಲ್ಲ. ಲಾರೆನ್ಸ್ ಕೋಲ್‌ಬರ್ಗ್ ನೈತಿಕ ಬೆಳವಣಿಗೆಯ ಮೆಟ್ಟಿಲು ಕಟ್ಟಿದ್ದು ಬರೀ ಹುಡುಗರನ್ನು ಮಾತಾಡಿಸಿ. 'ಹುಡುಗಿಯರ ಮಾತು ಎಲ್ಲಿ?' ಅಂತ ಕೆರೊಲ್ ಗಿಲಿಗನ್ 1982ರಲ್ಲಿ ಒಂದು ಪುಸ್ತಕವನ್ನೇ ಬರೆಯಬೇಕಾಯಿತು.

ಇಷ್ಟು ಬೈಯುವ ಹಕ್ಕು ನನಗಿಲ್ಲ. ಯಾಕಿಲ್ಲ ಅಂತ ಹೇಳ್ತೀನಿ ಕೇಳು.

1983ನೇ ಇಸವಿ. ಮೇಷ್ಟ್ರಾಗೋಕೆ ಟಿ.ಸಿ.ಎಚ್. ತರಬೇತಿ ಓದುವವರಿಗೆ ಪಾಠ ಮಾಡುತ್ತಿದ್ದೆ, ಅವರಿಗಾಗಿ ಮಕ್ಕಳ ಮನೋವಿಜ್ಞಾನದ ಗೈಡೊಂದನ್ನು ಬರೆಯುತ್ತಿದ್ದೆ. ಮಕ್ಕಳ ಯೋಚನೆ ಹಂತಹಂತವಾಗಿ ಬೆಳೆಯುತ್ತದೆ ಅಂದ ಸ್ವಿಸ್ ಮನೋವಿಜ್ಞಾನಿ ಪಿಯಾಜೆಯ ಅಧ್ಯಾಯಕ್ಕೆ ನಮ್ಮೂರಿನದೇ ಉದಾಹರಣೆ ಇರಲಿ ಅಂತ, ಒಂದೇ ಅಳತೆಯ ಎರಡು ಸ್ಟೀಲ್ ಲೋಟ, ಒಂದು ಉದ್ದನೆಯ ಗಾಜಿನ ಗ್ಲಾಸು ಚೀಲಕ್ಕೆ ಹಾಕಿಕೊಂಡು ಒಂದನೇ ಕ್ಲಾಸಿಗೆ ಹೋದೆ. ಎರಡೂ ಲೋಟಕ್ಕೆ ಸಮನಾಗಿ ನೀರು ಹಾಕೋದು, ಒಂದರ ನೀರನ್ನು ಮಗುವಿನ ಕಣ್ಣೆದುರೇ ಉದ್ದ ಗ್ಲಾಸಿಗೆ ಬಗ್ಗಿಸೋದು, 'ಈಗ ಯಾವುದರಲ್ಲಿ ಜಾಸ್ತಿ?' ಅಂತ ಕೇಳೋದು. ಏಳು ವರ್ಷದೊಳಗಿನ ಮಕ್ಕಳು ಉದ್ದನೆಯ ಗ್ಲಾಸಿನ ಕಡೆ ಬೆರಳು ತೋರಿಸುತ್ತಾರೆ ಅನ್ನೋದು ಪಿಯಾಜೆ ಹೇಳಿದ್ದು. 18 ಮಕ್ಕಳಿದ್ದರು. 17 ಮಂದಿ ಅಲ್ಲಿಗೇ ಬೆರಳು ತೋರಿಸಿದರು.

ಹದಿನೆಂಟನೆಯವಳು ಮಂಡಕ್ಕಿ ಭಟ್ಟಿಯ ಕಡೆಯಿಂದ ಬರುತ್ತಿದ್ದವಳು. ಐದೂವರೆ ವರ್ಷ. ಚುಚ್ಚಿಸಿದ ಮೂಗಿನಲ್ಲಿ ಬೇವಿನ ಕಡ್ಡಿ. ಅವ್ವ ಸೇರಿನಲ್ಲಿ ಅಳೆದು ಮಂಡಕ್ಕಿ ಮಾರುತ್ತಿದ್ದಳು. ಹುಡುಗಿ ಗ್ಲಾಸು ನೋಡಲಿಲ್ಲ, ನನ್ನ ಮುಖ ನೋಡಿದಳು. "ಅಷ್ಟೇ ಐತ್ರೀ ಟೀಚರ್." ಯಾಕೆ ಅಂದೆ. "ಮಂಡಕ್ಕಿ ಆದ್ರೆ ಕುಕ್ಕಿದ್ರೆ ಇಳೀತೈತಿ. ನೀರು ಎಲ್ಲಿ ಇಳೀತೈತ್ರೀ?"

ಸಂತೆಯಲ್ಲಿ ನೀನೂ ನೋಡಿರಬೇಕು. ಗಿರಾಕಿ "ಕುಕ್ಕಿ ಅಳಿಯವ್ವ" ಅನ್ನುತ್ತಾನೆ. ಅವಳು ಗೊಣಗಿಕೊಂಡು ಸೇರನ್ನು ನೆಲಕ್ಕೆ ಎರಡು ಸಲ ಕುಟ್ಟುತ್ತಾಳೆ. ತುಂಬಿದ್ದ ಮಂಡಕ್ಕಿ ಎರಡು ಬೆರಳು ತಗ್ಗಿಗೆ ಇಳಿಯುತ್ತದೆ, ಮೇಲೆ ಇನ್ನೊಂದು ಹಿಡಿ ಬೀಳುತ್ತದೆ. ಆ ಒಂದು ಹಿಡಿಯಲ್ಲಿ ಅವಳ ಲಾಭ ಹೋಯಿತು. ತುಂಬಿದ ಹಾಗೆ ಕಂಡದ್ದು ತುಂಬಿರುವುದಿಲ್ಲ, ಎತ್ತರ ಕಂಡದ್ದು ಜಾಸ್ತಿ ಇರುವುದಿಲ್ಲ. ಆ ಕೂಸು ಇದನ್ನು ಅವ್ವನ ಪಕ್ಕ ಕೂತು ಕಲಿತಿತ್ತು. ಯಾವುದು ಕುಕ್ಕಿದರೆ ಇಳಿಯುತ್ತದೆ, ಯಾವುದು ಇಳಿಯುವುದಿಲ್ಲ ಅನ್ನೋದನ್ನು ನಾನು ಕೇಳುವ ಮೊದಲೇ ವಿಂಗಡಿಸಿಟ್ಟಿತ್ತು.

ಗೈಡಿನಲ್ಲಿ ಏನು ಬರೆದೆ ಗೊತ್ತಾ? 'ದಾವಣಗೆರೆಯ ಮಕ್ಕಳಲ್ಲೂ ಇದೇ ಕಂಡುಬಂದಿದೆ. ಏಳರೊಳಗಿನ ಯಾವ ಮಗುವೂ ಸರಿಯಾದ ಉತ್ತರ ಹೇಳಲಿಲ್ಲ.' ಯಾವ ಮಗುವೂ! ನನಗಿಂತ ಹಿರಿಯರೊಬ್ಬರು "ಪರೀಕ್ಷೆಗೆ ಒಂದೇ ಉತ್ತರ ಸಾಕು, ಗೊಂದಲ ಯಾಕೆ?" ಅಂದಿದ್ದರು. ಎಷ್ಟೋ ವರ್ಷ ಅವರ ಮೇಲೆ ಹಲ್ಲು ಕಡಿದೆ. ಆದರೆ ಪೆನ್ನು ನನ್ನ ಕೈಯಲ್ಲಿತ್ತಲ್ಲ.

ಗೈಡು ಚೆನ್ನಾಗಿ ಹೋಯಿತು. 'ಎಷ್ಟು ಸ್ಪಷ್ಟವಾಗಿ ಬರೀತೀರಿ ಮೇಡಂ' ಅಂದರು, ಹಾರ ಹಾಕಿದರು, ನಾನೂ ಹಾಕಿಸಿಕೊಂಡೆ. ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿದ್ದಕ್ಕೆ ಬಂದ ಸ್ಪಷ್ಟತೆ ಅದು. ಆಮೇಲೆ ಕಥೆಗಳಿಗೆ ತಿರುಗಿದೆ, ಮೂರು ಸಂಕಲನ ಬಂದವು. ಒಂದರಲ್ಲೂ ಅವಳಿಲ್ಲ. ಕರೆಯೋಕೆ ನನಗೆ ಮುಖವಿರಲಿಲ್ಲ.

ನಿವೃತ್ತಿಯಾದ ಮೇಲೆ ಒಂದು ವಿಷಯ ಓದಿ ಇನ್ನಷ್ಟು ಕುಗ್ಗಿದೆ. ಮೆಕ್ಸಿಕೋದಲ್ಲಿ ಕುಂಬಾರರ ಮಕ್ಕಳಿಗೆ ಇಂಥದೇ ಪರೀಕ್ಷೆ ಮಾಡಿದ್ದರು. ಮಣ್ಣಿನ ಮುದ್ದೆಯ ಆಕಾರ ಬದಲಾದರೂ ಮಣ್ಣು ಅಷ್ಟೇ ಅನ್ನೋದನ್ನು ಆ ಮಕ್ಕಳು ಬೇರೆಯವರಿಗಿಂತ ಚೆನ್ನಾಗಿ ಹೇಳಿದ್ದರು. ಅದು ಅಚ್ಚಾಗಿದ್ದು 1969ರಲ್ಲಿ. ಅವಳನ್ನು ನಾನು ಬಿಟ್ಟುಬಿಡುವ 14 ವರ್ಷ ಮೊದಲು! ಪಿಯಾಜೆಯಾದರೂ ಶುರುಮಾಡಿದ್ದು ಹೇಗೆ? ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿಪರೀಕ್ಷೆಯ ಉತ್ತರ ನೋಡುತ್ತಾ ಕೂತಿದ್ದಾಗ ಸರಿ ಉತ್ತರ ಅವರಿಗೆ ಬೇಸರ ತರಿಸಿತು, ತಪ್ಪುಗಳು ಹಿಡಿದು ನಿಲ್ಲಿಸಿದವು. ಲೆಕ್ಕಕ್ಕೆ ಬಾರದ ಉತ್ತರದಿಂದ ಹುಟ್ಟಿದ ಸಿದ್ಧಾಂತ ಅದು. ಹಂತಗಳು ಒಂದರ ನಂತರ ಒಂದು ಬರುತ್ತವೆ ಅನ್ನೋದೇ ಅವರಿಗೆ ಮುಖ್ಯವಾಗಿತ್ತು, ವಯಸ್ಸು ಅಂದಾಜಿನದು. ಅದಕ್ಕೆ ಮುಳ್ಳುಬೇಲಿ ಹಾಕಿದ್ದು ಗೈಡು ಬರೆಯುವ ನಮ್ಮಂಥವರು.

ನಿನ್ನ ಏಳನೇ ಅಧ್ಯಾಯದ ಹೆಸರು 'ಉತ್ಪಾದಕತೆ'. ಎರಿಕ್ಸನ್ನರ ಏಳನೇ ಹಂತಕ್ಕೆ ನನ್ನ ಗೈಡಿನಲ್ಲಿ ನಾನಿಟ್ಟ ಪದವೇ, ಕಂಡ ಕೂಡಲೇ ಗುರುತು ಸಿಕ್ಕಿತು. ಕಾಟನ್ ಮಿಲ್ಲಿನ ಊರಲ್ಲಿ ಕೂತವಳಿಗೆ ಇನ್ನೇನು ಹೊಳೆದೀತು! ಎರಿಕ್ಸನ್ ಹೇಳಿದ್ದು ನಡುವಯಸ್ಸಿನವರಿಗೆ ಮುಂದಿನವರ ಮೇಲಿರುವ ಕಾಳಜಿಯನ್ನು. ಮಿಲ್ಲು ಮುಚ್ಚಿದಾಗ ನಮ್ಮ ಮಾವನಿಗೆ ನಲವತ್ತೈದು. ಆಮೇಲೆ ಇಪ್ಪತ್ತು ವರ್ಷ ಏನನ್ನೂ ಉತ್ಪಾದಿಸದೆ ಓಣಿಯ ಮಕ್ಕಳಿಗೆಲ್ಲ ಸೈಕಲ್ ಕಲಿಸಿದ. ಆ ಪದ ಹೊಡೆದುಹಾಕು.

ಇನ್ನೊಂದು ಮಾತು, ಹೇಳಲೋ ಬೇಡವೋ ಅಂತಿದ್ದೆ. ಎರಿಕ್ಸನ್ ದಂಪತಿಗೆ 1944ರಲ್ಲಿ ನೀಲ್ ಅಂತ ಮಗ ಹುಟ್ಟಿದ. ಡೌನ್ ಸಿಂಡ್ರೋಮ್ ಇತ್ತು. ಕೂಸನ್ನು ಒಂದು ಸಂಸ್ಥೆಗೆ ಸೇರಿಸಿ, ಉಳಿದ ಮಕ್ಕಳಿಗೆ ಅದು ಸತ್ತುಹೋಯಿತು ಅಂದರು. ಆರು ವರ್ಷಕ್ಕೆ ಆ ಎಂಟು ಹಂತಗಳು ಅಚ್ಚಾದವು, ಮೊದಲನೆಯದು ನಂಬಿಕೆ. ಅದನ್ನು ಓದಿದ ರಾತ್ರಿ ನಾನು ಎರಿಕ್ಸನ್ ಮೇಲೆ ಸಿಟ್ಟಾಗಲಿಲ್ಲ. ಬೇವಿನ ಕಡ್ಡಿಯ ಮೂಗು ಕಣ್ಣಿಗೆ ಬಂತು.

ಈಗ ನಿನ್ನ 112ನೇ ಪುಟ. ಅಜ್ಜಿ ದಿಂಬಿನ ಕೆಳಗೆ ಟಾರ್ಚು ಇಟ್ಟುಕೊಂಡು ಮಲಗುತ್ತಾಳೆ. ರಾತ್ರಿ ಎದ್ದರೆ ಗೋಡೆ ಹಿಡಿದು, ಬಚ್ಚಲಿಗೆ ಹನ್ನೊಂದು ಹೆಜ್ಜೆಯನ್ನು ಬಾಯಲ್ಲಿ ಎಣಿಸಿಕೊಂಡು ಹೋಗುತ್ತಾಳೆ. ಮೊಮ್ಮಗ ಕೈ ಕೊಟ್ಟರೆ ತಳ್ಳುತ್ತಾಳೆ. ಇಡೀ ಹಸ್ತಪ್ರತಿಯಲ್ಲಿ ನಾನು ಕನ್ನಡಕ ತೆಗೆದು ಒರೆಸಿಕೊಂಡಿದ್ದು ಅಲ್ಲೊಂದೇ ಕಡೆ. ಕತ್ತೆ, ಅದನ್ನು ನಾಲ್ಕು ಸಾಲಲ್ಲಿ ಮುಗಿಸಿ, ಎಂಟನೇ ಅಧ್ಯಾಯದಲ್ಲಿ ಅವಳನ್ನು ಸಂಜೆ ಬಿಸಿಲಿಗೆ ಜಗುಲಿ ಮೇಲೆ ಕೂರಿಸಿ 'ತೃಪ್ತಿಯ ನಗೆ' ನಗಿಸಿದ್ದೀಯ. ನನಗೆ ಎಪ್ಪತ್ತೊಂಬತ್ತು. ಸಂಜೆ ಜಗುಲಿ ಮೇಲೆ ಕೂತರೆ ಜ್ಞಾನ ಬರೋದಿಲ್ಲ, ಸೊಳ್ಳೆ ಬರುತ್ತವೆ.

ಎರಿಕ್ಸನ್ 1994ರಲ್ಲಿ ತೀರಿಕೊಂಡರು. ಅವರ ಹೆಂಡತಿ ಜೋನ್ ತಾವೇ ತೊಂಬತ್ತು ದಾಟಿದ ಮೇಲೆ ಅವರ ಪುಸ್ತಕಕ್ಕೆ ಒಂಬತ್ತನೆಯ ಹಂತ ಸೇರಿಸಿದರು, 1997ರಲ್ಲಿ. ಆ ವಯಸ್ಸಿಗೆ ಹಳೆಯ ಗಂಟುಗಳೆಲ್ಲ ಮತ್ತೆ ಬಿಚ್ಚಿಕೊಳ್ಳುತ್ತವೆ, ಮೊದಲನೆಯದೂ ಸೇರಿ, ಯಾಕೆಂದರೆ ತನ್ನ ಮೈಯನ್ನೇ ತಾನು ನಂಬುವ ಹಾಗಿರೋದಿಲ್ಲ. ನಿಮ್ಮಜ್ಜಿಯ ಟಾರ್ಚು ಅಲ್ಲಿದೆ. ಜೋನ್ ಹೆಸರು ಕೇಳದೆಯೇ ನೀನು ಅದನ್ನು ಕಂಡಿದ್ದೆ, ಕಂಡೂ ಪಟ್ಟಿಗೆ ಹೆದರಿದೆ.

ಹಸ್ತಪ್ರತಿ ಕೊರಿಯರಿಗೆ ಹಾಕೋದಿಲ್ಲ. ಭಾನುವಾರ ಬಸ್ಸು ಹತ್ತಿ ಬಂದು ಒಯ್ಯಿ, ರೊಟ್ಟಿ ಮಾಡಿಸಿರ್ತೀನಿ. ಬರುವ ಮೊದಲು ಅಜ್ಜಿಯನ್ನು ಒಂದು ಮಾತು ಕೇಳಿಕೊಂಡು ಬಾ. ಹನ್ನೊಂದರಿಂದ ಒಂದಕ್ಕೆ, ಹಿಂದುಮುಂದಾಗಿ ಎಣಿಸುತ್ತಾಳೆ ಅಂತ ಬರೆದಿದ್ದೀಯ. ಯಾಕೆ ಹಾಗೆ?

ನಿನ್ನ ಟೀಚರ್